ಕಥೆಯ ಕಾಲ, ಕಲಾವಿದರ ದೇಹ

ನಾಟಕಕ್ಕೂ ಚಲನಚಿತ್ರಕ್ಕೂ ಇಲ್ಲದ ಒಂದು ವಿಶೇಷ ಗುಣ ಕಿರುತೆರೆಯ ಧಾರಾವಾಹಿಗಿದೆ. ನಾಟಕವು ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ಚಲನಚಿತ್ರದ ಚಿತ್ರೀಕರಣವು ಬಹುಮಟ್ಟಿಗೆ ಕೆಲವು ತಿಂಗಳುಗಳಲ್ಲಿ ಪೂರೈಸುತ್ತದೆ. ಧಾರಾವಾಹಿಯಾದರೋ ಎಂಟು ವರ್ಷ, ಹತ್ತು ವರ್ಷ, ಕೆಲವೆಡೆ ಅರ್ಧ ಶತಮಾನಕ್ಕೂ ಮಿಕ್ಕಿ ನಡೆಯುತ್ತದೆ. ಅಷ್ಟೂ ಕಾಲ ಅದೇ ಕಲಾವಿದರು ಅದೇ ಪಾತ್ರದ ಹೆಸರಿನಲ್ಲಿ ನಮ್ಮ ಮನೆಯ ನಡುಕೋಣೆಗೆ ಬಂದುಹೋಗುತ್ತಾರೆ. ಈ ನಡುವೆ ಅವರ ದೇಹ ಬೆಳೆಯುತ್ತದೆ, ಸ್ಥೂಲವಾಗುತ್ತದೆ, ಕೃಶವಾಗುತ್ತದೆ, ರೋಗಕ್ಕೆ ತುತ್ತಾಗುತ್ತದೆ, ನರೆಯುತ್ತದೆ. ಇದು ಪ್ರಕೃತಿಯ ನಿಯಮ. ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ.

ಆದರೆ ಧಾರಾವಾಹಿಯಲ್ಲಿ ಎರಡು ಕಾಲಗಳು ಏಕಕಾಲಕ್ಕೆ ನಡೆಯುತ್ತವೆಂಬುದನ್ನು ನಾವು ಮರೆಯುತ್ತೇವೆ. ಒಂದು ಕಥೆಯ ಕಾಲ. ಅದು ಲೇಖಕರ ಇಚ್ಛೆಯಂತೆ ಓಡುತ್ತದೆ, ನಿಲ್ಲುತ್ತದೆ, ಜಿಗಿಯುತ್ತದೆ. ಇನ್ನೊಂದು ದೇಹದ ಕಾಲ. ಅದು ಯಾರ ಮಾತನ್ನೂ ಕೇಳುವುದಿಲ್ಲ. ಎರಡು ಪುಸ್ತಕಗಳ ಲೆಕ್ಕ ತಾಳೆಯಾಗದಿದ್ದಾಗ ವ್ಯತ್ಯಾಸದ ಮೊತ್ತವನ್ನು ಯಾವುದಾದರೂ ಒಂದು ಖಾತೆಗೆ ಬರೆಯಲೇಬೇಕಾಗುತ್ತದೆ. ಧಾರಾವಾಹಿಯ ಈ ವ್ಯತ್ಯಾಸವನ್ನು ಯಾರ ಖಾತೆಗೆ ಬರೆಯಲಾಗುತ್ತಿದೆ ಎಂಬುದೇ ಪ್ರಕೃತ ಲೇಖನದ ಪ್ರಶ್ನೆ. ಹಿಂದಿ, ಕನ್ನಡ ಧಾರಾವಾಹಿಗಳನ್ನೂ, ಅವುಗಳೊಡನೆ ಹೋಲಿಸಿ ನೋಡಲು ಅಮೆರಿಕ ಮತ್ತು ಇಂಗ್ಲೆಂಡಿನ ಕೆಲವನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ಮುಂದಕ್ಕೆ ತಳ್ಳಿದ ವಯಸ್ಸು

‘ಸ್ಟಾರ್ ಪ್ಲಸ್’ ವಾಹಿನಿಯಲ್ಲಿ ೨೦೦೦ದ ಜುಲೈ ೩ರಂದು ಆರಂಭವಾದ ‘ಕ್ಯೋಂಕಿ ಸಾಸ್ ಭೀ ಕಭೀ ಬಹೂ ಥೀ’ ಧಾರಾವಾಹಿಯು ೨೦೦೮ರ ನವೆಂಬರ್ ೬ರವರೆಗೆ ೧೮೩೩ ಕಂತುಗಳಲ್ಲಿ ಪ್ರಸಾರವಾಯಿತು. ವಿರಾನಿ ಎಂಬ ಶ್ರೀಮಂತ ಗುಜರಾತಿ ಅವಿಭಕ್ತ ಕುಟುಂಬದ ಈ ಕಥೆಯನ್ನು ಹಿಂದಿ ಬಾರದ ಮನೆಗಳಲ್ಲಿಯೂ ನೋಡುತ್ತಿದ್ದರು. ಸೊಸೆ ತುಳಸಿಯ ಪಾತ್ರ ವಹಿಸಿದ ಸ್ಮೃತಿ ಇರಾನಿ ಅವರು ಜನಿಸಿದ್ದು ೧೯೭೬ರಲ್ಲಿ. ಧಾರಾವಾಹಿ ಆರಂಭವಾದಾಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಆ ವಯಸ್ಸಿಗೆ ಆ ಪಾತ್ರ ಸಹಜವಾಗಿಯೇ ಒಪ್ಪುತ್ತಿತ್ತು.

ಮುಂದೆ ಕಥೆ ಒಮ್ಮೆಲೇ ಇಪ್ಪತ್ತು ವರ್ಷ ಜಿಗಿಯಿತು. ಉದ್ಯಮದವರು ಇದನ್ನು ‘ಲೀಪ್’ ಎನ್ನುತ್ತಾರೆ. ಒಂದು ವಾರ ಸೊಸೆಯಾಗಿದ್ದವಳು ಮರುವಾರ ಮದುವೆಯ ವಯಸ್ಸಿನ ಮಕ್ಕಳ ತಾಯಿಯಾದಳು. ಕಲಾವಿದೆಗಾದರೋ ಇನ್ನೂ ಮೂವತ್ತು ತುಂಬಿರಲಿಲ್ಲ. ತುಳಸಿಗೆ ಮಲಮಗನಾಗುವ ಕರಣ್‌ನ ಪಾತ್ರಧಾರಿ ಹಿತೇನ್ ತೇಜ್ವಾನಿ ಅವರ ಜನ್ಮವರ್ಷ ೧೯೭೪. ಎಂದರೆ ಮಗನು ತಾಯಿಗಿಂತ ಎರಡು ವರ್ಷ ಹಿರಿಯ! ಕಥೆಯ ಪುಸ್ತಕ ಇಪ್ಪತ್ತು ವರ್ಷ ಮುಂದೆ ಹೋಯಿತು, ದೇಹದ ಪುಸ್ತಕ ಇದ್ದಲ್ಲಿಯೇ ಇತ್ತು. ಈ ಅಂತರವನ್ನು ತುಂಬಿದ್ದು ಕೂದಲಿಗೆ ಬಳಿದ ಬಿಳಿಯ ಬಣ್ಣ ಮತ್ತು ತೂಕದ ಸೀರೆಗಳು.

ಇದರಲ್ಲಿ ದೋಷವೇನು, ನಮ್ಮ ನಾಟಕ ಕಂಪನಿಗಳಲ್ಲಿ ಹದಿಹರೆಯದ ಹುಡುಗರು ಸ್ತ್ರೀಪಾತ್ರ ವಹಿಸುತ್ತಿರಲಿಲ್ಲವೇ, ಯಕ್ಷಗಾನದಲ್ಲಿ ಯುವಕರು ವೃದ್ಧರಾಗುವುದಿಲ್ಲವೇ ಎಂದು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಆದರೆ ರಂಗದ ವೇಷ ಒಂದು ರಾತ್ರಿಯದು. ಬೆಳಗಾದೊಡನೆ ಬಣ್ಣ ಕಳಚುತ್ತದೆ. ನಾಳೆ ಅದೇ ನಟ ಬೇರೊಂದು ವಯಸ್ಸಿಗೆ ಹೋಗಬಲ್ಲ. ಅಲ್ಲದೆ ರಂಗದ ವೇಷವನ್ನು ಪ್ರೇಕ್ಷಕನು ವೇಷವೆಂದೇ ತಿಳಿದು ನೋಡುತ್ತಾನೆ. ಕಿರುತೆರೆಯ ಕ್ಯಾಮೆರಾ ಮುಖಕ್ಕೆ ಒಂದು ಗೇಣು ಸಮೀಪದಿಂದ ನೋಡಿದಂತೆ ತೋರಿಸಿ, ಇದು ವೇಷವಲ್ಲ, ಇದೇ ನಿಜ ಎಂದು ವಾರದಲ್ಲಿ ಐದು ದಿನ, ವರ್ಷಾನುಗಟ್ಟಲೆ ನಂಬಿಸುತ್ತದೆ. ಇಪ್ಪತ್ತಾರರ ಯುವತಿಯನ್ನು ತಾಯಿಯೆಂದೂ ಅಜ್ಜಿಯೆಂದೂ ನೋಡಿ ರೂಢಿಯಾದ ಕಣ್ಣಿಗೆ ಅವರನ್ನು ಮರಳಿ ಯುವತಿಯಾಗಿ ಕಾಣುವುದು ಕಷ್ಟ. ಹೀಗೆ ಕಥೆಯ ಜಿಗಿತದ ಬೆಲೆಯನ್ನು ಕಲಾವಿದೆ ತನ್ನ ಮುಂದಿನ ವರ್ಷಗಳಿಂದ ತೆರಬೇಕಾಗುತ್ತದೆ.

ಇದೇ ಧಾರಾವಾಹಿಯಲ್ಲಿ ಇದಕ್ಕೆ ತೀರ ವಿರುದ್ಧವಾದ ಸಂಗತಿಯೂ ಇತ್ತು. ಮನೆಯ ಹಿರಿಯಳಾದ ‘ಬಾ’ಳ ಪಾತ್ರ ವಹಿಸಿದ್ದ ಸುಧಾ ಶಿವಪುರಿ ಅವರು ೧೯೩೭ರಲ್ಲಿ ಜನಿಸಿದವರು. ಧಾರಾವಾಹಿ ಆರಂಭವಾಗುವಾಗಲೇ ಅರವತ್ತು ದಾಟಿದ್ದವರು. ಮೊಮ್ಮಕ್ಕಳು ಅಜ್ಜ-ಅಜ್ಜಿಯರಾಗುವ ಹಂತಕ್ಕೆ ಕಥೆ ಬಂದರೂ ‘ಬಾ’ ಮಾತ್ರ ಹಾಗೆಯೇ ಉಳಿದಳು. ಆಕೆಯ ವಯಸ್ಸೆಷ್ಟು ಎಂಬುದು ಆ ದಿನಗಳಲ್ಲಿ ಮನೆಮನೆಯ ವಿನೋದವಾಗಿತ್ತು. ಯೌವನದಲ್ಲಿರುವವರನ್ನು ಅವಸರದಿಂದ ಮುದುಕರನ್ನಾಗಿಸುವುದು, ನಿಜವಾಗಿ ವೃದ್ಧರಾದವರನ್ನು ಕಾಲದಿಂದಲೇ ಹೊರಗಿಡುವುದು: ಈ ಎರಡರಿಂದಲೂ ನೋಡುಗನಿಗೆ ದೊರೆಯುವ ಪಾಠ ಒಂದೇ. ಮುಪ್ಪೆಂದರೆ ಕೆಲವು ಬಿಳಿಯ ಎಳೆಗಳು, ಅಷ್ಟೆ. ಮುಪ್ಪಿನ ನಿಧಾನ, ನೋವು, ಮರೆವು, ಪರಾಧೀನತೆ, ಪಕ್ವತೆ ಯಾವುದೂ ೧೮೩೩ ಕಂತುಗಳಲ್ಲಿ ತಕ್ಕ ಸ್ಥಾನ ಪಡೆಯಲಿಲ್ಲ. ಕಲೆಯ ದೃಷ್ಟಿಯಿಂದ ಇದು ಆ ಕೃತಿಯ ದೊಡ್ಡ ಸೋಲು.

೨೦೨೫ರ ಜುಲೈ ೨೯ರಂದು ಇದೇ ಹೆಸರಿನ ಧಾರಾವಾಹಿ ಮತ್ತೆ ಆರಂಭವಾಯಿತು. ತುಳಸಿಯಾಗಿ ಸ್ಮೃತಿ ಇರಾನಿ ಅವರೂ, ಪತಿ ಮಿಹಿರ್‌ನಾಗಿ ಮೊದಲಿನ ಅಮರ್ ಉಪಾಧ್ಯಾಯ ಅವರೂ ಮರಳಿದರು. ಕಲಾವಿದೆಗೆ ಆಗ ನಲವತ್ತೊಂಬತ್ತು ವರ್ಷ. ಇಪ್ಪತ್ತರ ದಶಕದಲ್ಲಿ ಬಣ್ಣದಿಂದ ತಂದುಕೊಂಡಿದ್ದ ತಾಯಿತನದ ವಯಸ್ಸು ಈಗ ಅವರ ಸ್ವಂತದ್ದು. ಕಣ್ಣಿನ ಸುತ್ತಲಿನ ಗೆರೆಯಲ್ಲಿ, ಧ್ವನಿಯ ಭಾರದಲ್ಲಿ ಯಾವ ಪ್ರಸಾಧಕನೂ ಕೊಡಲಾರದ ಸತ್ಯವಿದೆ. ಹಳೆಯ ಕಂತನ್ನೂ ಹೊಸ ಕಂತನ್ನೂ ಒಟ್ಟಿಗಿಟ್ಟು ನೋಡಿದವರಿಗೆ ವೇಷದ ವಯಸ್ಸಿಗೂ ಬದುಕಿದ ವಯಸ್ಸಿಗೂ ಇರುವ ಅಂತರ ತಾನಾಗಿಯೇ ಹೊಳೆಯುತ್ತದೆ.

ಮಕ್ಕಳ ಬೆಳವಣಿಗೆ

ಹಿರಿಯರ ವಿಷಯ ಹೀಗಾದರೆ ಮಕ್ಕಳ ವಿಷಯ ಇನ್ನೂ ಸೂಕ್ಷ್ಮವಾದುದು. ಹಿರಿಯರ ಮುಖ ವರ್ಷಗಳಲ್ಲಿ ಬದಲಾಗುತ್ತದೆ. ಮಕ್ಕಳ ಮುಖ ತಿಂಗಳುಗಳಲ್ಲಿ ಬದಲಾಗುತ್ತದೆ. ಜನಪ್ರಿಯವಾದ ಬಾಲಪಾತ್ರವು ಬೆಳೆಯತೊಡಗಿದೊಡನೆ ನಿರ್ಮಾಪಕರಿಗೆ ಚಿಂತೆ ಹುಟ್ಟುತ್ತದೆ.

‘ಕಲರ್ಸ್’ ವಾಹಿನಿಯ ‘ಬಾಲಿಕಾ ವಧೂ’ ೨೦೦೮ರ ಜುಲೈ ೨೧ರಂದು ಆರಂಭವಾಗಿ ೨೦೧೬ರ ಜುಲೈವರೆಗೆ ನಡೆಯಿತು. ರಾಜಸ್ಥಾನದ ಬಾಲ್ಯವಿವಾಹವನ್ನು ವಸ್ತುವಾಗಿಸಿಕೊಂಡು, ಎಳೆಯ ಹುಡುಗಿಯೊಬ್ಬಳು ಸೊಸೆಯ ಪಾತ್ರಕ್ಕೆ ತಳ್ಳಲ್ಪಡುವ ಸಂಕಟವನ್ನು ಲಕ್ಷಾಂತರ ಮನೆಗಳಿಗೆ ಮುಟ್ಟಿಸಿದ ಶ್ರೇಯಸ್ಸು ಅದಕ್ಕೆ ಸಲ್ಲಬೇಕು. ಬಾಲಕಿ ಆನಂದಿಯಾಗಿ ನಟಿಸಿದ ಅವಿಕಾ ಗೋರ್ ಅವರಿಗೆ ಆಗ ಹನ್ನೊಂದು ವರ್ಷ. ೨೦೧೦ರಲ್ಲಿ ಕಥೆ ಜಿಗಿದಾಗ ಆ ಪಾತ್ರಕ್ಕೆ ಪ್ರತ್ಯೂಷಾ ಬ್ಯಾನರ್ಜಿ ಅವರು ಬಂದರು. ೨೦೧೩ರಲ್ಲಿ ತೋರಲ್ ರಾಸ್‌ಪುತ್ರಾ ಅವರು ಬಂದರು. ಬೆಳೆದ ಪಾತ್ರಕ್ಕೆ ಬೆಳೆದವರನ್ನು ಆರಿಸಿದ್ದು ನ್ಯಾಯವೇ. ಮಗುವಿಗೆ ಬಣ್ಣ ಬಳಿದು ದೊಡ್ಡವಳನ್ನಾಗಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ೨೦೧೧ರ ಏಪ್ರಿಲ್‌ನಲ್ಲಿ ಅದೇ ವಾಹಿನಿಯಲ್ಲಿ ‘ಸಸುರಾಲ್ ಸಿಮರ್ ಕಾ’ ಎಂಬ ಧಾರಾವಾಹಿ ಆರಂಭವಾಯಿತು. ಅದರಲ್ಲಿ ರೋಲಿ ಎಂಬ ತರುಣಿಯ ಪಾತ್ರ ವಹಿಸಿದವರು ಅದೇ ಅವಿಕಾ ಗೋರ್. ೧೯೯೭ರ ಜೂನ್‌ನಲ್ಲಿ ಜನಿಸಿದ ಅವರಿಗೆ ಆಗ ಹದಿನಾಲ್ಕು ತುಂಬಲು ಇನ್ನೂ ಎರಡು ತಿಂಗಳು ಬಾಕಿ ಇತ್ತು. ಕಥೆ ಮುಂದುವರಿದಂತೆ ಆ ತರುಣಿ ವಿವಾಹವಾಗಿ ಸೊಸೆಯಾಗುತ್ತಾಳೆ. ಪತಿಯಾಗಿ ನಟಿಸಿದವರು ವಯಸ್ಕ ಕಲಾವಿದರು. ಬಾಲವಧುವಿನ ದುಃಖಕ್ಕಾಗಿ ಕಣ್ಣೀರು ಹಾಕಿದ ಮನೆಗಳೇ, ಅದೇ ಹುಡುಗಿಯನ್ನು ಒಡವೆ, ಸೀರೆ, ಸಿಂಧೂರಗಳಲ್ಲಿ ಗೃಹಿಣಿಯೆಂದು ಒಪ್ಪಿಕೊಂಡು ನೋಡಿದವು. ಇಲ್ಲಿ ಯಾರೂ ಕಾನೂನು ಮೀರಿದರೆಂದು ಹೇಳುವುದು ಉದ್ದೇಶವಲ್ಲ. ನಟನೆ ನಟನೆಯೇ ಹೊರತು ವಿವಾಹವಲ್ಲ. ಆದರೂ ಒಂದು ಮಾತನ್ನು ಹೇಳದಿರಲಾಗದು. ಬಾಲ್ಯವನ್ನು ಕಸಿಯಬೇಡಿರೆಂದು ಒಂದು ಹೊತ್ತಿನಲ್ಲಿ ಬೋಧಿಸಿದ ವಾಹಿನಿಯು ಇನ್ನೊಂದು ಹೊತ್ತಿನಲ್ಲಿ ಬಾಲಕಿಯೊಬ್ಬಳ ಮುಖಕ್ಕೆ ಪ್ರೌಢತೆಯನ್ನು ಬಳಿಯಿತು. ಕಥೆಯ ಉಪದೇಶ ಕಥೆಯೊಳಗೇ ಉಳಿಯಿತು. ಚಿತ್ರೀಕರಣದ ಅಂಗಳಕ್ಕೆ ಅದು ಇಳಿಯಲಿಲ್ಲ.

‘ಬಾಲಿಕಾ ವಧೂ’ವಿನ ವಸ್ತು ಕನ್ನಡಕ್ಕೂ ಬಂತು. ೨೦೧೨ರಲ್ಲಿ ಈಟಿವಿ ಕನ್ನಡದಲ್ಲಿ ಆರಂಭವಾಗಿ, ವಾಹಿನಿಯ ಹೆಸರು ಕಲರ್ಸ್ ಕನ್ನಡವೆಂದು ಬದಲಾದ ಮೇಲೂ ವರ್ಷಗಳ ಕಾಲ ನಡೆದ ‘ಪುಟ್ಟಗೌರಿ ಮದುವೆ’ಯನ್ನು ನಮ್ಮ ಓದುಗರು ಬಲ್ಲರು. ಅಲ್ಲಿಯೂ ಬಾಲಕಿ ಗೌರಿಯಾಗಿ ಸಾನ್ಯಾ ಅಯ್ಯರ್ ಅವರೂ, ಬೆಳೆದ ಗೌರಿಯಾಗಿ ರಂಜನಿ ರಾಘವನ್ ಅವರೂ ನಟಿಸಿದರು. ಮಗುವನ್ನು ಮಗುವಿನ ಪಾತ್ರಕ್ಕೆ, ತರುಣಿಯನ್ನು ತರುಣಿಯ ಪಾತ್ರಕ್ಕೆ ಇರಿಸಿದ ಈ ಕ್ರಮ ಮೆಚ್ಚತಕ್ಕದ್ದು.

ಇನ್ನೊಂದು ಬಗೆಯೂ ಇದೆ: ಮಗುವನ್ನು ಬೆಳೆಯಗೊಡದಿರುವುದು. ೨೦೦೮ರ ಜುಲೈ ೨೮ರಂದು ಆರಂಭವಾಗಿ ನಾಲ್ಕು ಸಾವಿರ ಕಂತುಗಳನ್ನು ದಾಟಿದ ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’ ಹಾಸ್ಯ ಧಾರಾವಾಹಿಯಲ್ಲಿ ಗೋಕುಲಧಾಮ ಸೊಸೈಟಿಯ ಬದುಕು ಬಹುತೇಕ ಇದ್ದಲ್ಲೇ ಇದೆ. ವ್ಯಾಪಾರಿ ಜೇಠಾಲಾಲನ ಮಗ ತಪ್ಪುವಾಗಿ ಹನ್ನೊಂದರ ವಯಸ್ಸಿನಲ್ಲಿ ಬಂದ ಭವ್ಯ ಗಾಂಧಿ ಅವರು ಮೀಸೆ ಮೂಡುವವರೆಗೂ ಆ ಪಾತ್ರದಲ್ಲಿಯೇ ಇದ್ದು ೨೦೧೭ರಲ್ಲಿ ಹೊರಬಂದರು. ಅವರ ಬಳಿಕ ಇಬ್ಬರು ಕಲಾವಿದರು ಒಬ್ಬರಾದ ಮೇಲೊಬ್ಬರು ತಪ್ಪುವಾದರು. ಜೇಠಾಲಾಲನ ತಂದೆಯಾಗಿ ನಟಿಸುವ ಅಮಿತ್ ಭಟ್ ಅವರು ಮಗನಾಗಿ ನಟಿಸುವ ದಿಲೀಪ್ ಜೋಶಿ ಅವರಿಗಿಂತ ವಯಸ್ಸಿನಲ್ಲಿ ಕಿರಿಯರು. ಹಾಸ್ಯಪ್ರಧಾನವಾದ ಕಥೆಗೆ ಈ ಸ್ವಾತಂತ್ರ್ಯವನ್ನು ಕೊಡಬಹುದು. ಆದರೆ ಒಂದು ಮಗು ಇಡೀ ಕೈಶೋರವನ್ನು ಒಂದೇ ತುಂಟತನದಲ್ಲಿ ನಿಲ್ಲಬೇಕಾದಾಗ, ಅದರ ದೇಹ ಪ್ರತಿದಿನವೂ ಪಾತ್ರದ ವಿರುದ್ಧ ಸಾಕ್ಷಿ ಹೇಳುತ್ತಿರುತ್ತದೆ.

ಬಾಲಕಲಾವಿದರ ಬಗ್ಗೆ ನಮ್ಮ ದೇಶದಲ್ಲಿ ೨೦೧೭ರ ನಿಯಮಗಳಿವೆ. ಅವುಗಳ ಪ್ರಕಾರ ಮಗುವನ್ನು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಿಶ್ರಾಂತಿಯಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಸತತವಾಗಿ ಇಪ್ಪತ್ತೇಳು ದಿನಗಳಿಗಿಂತ ಹೆಚ್ಚು ತೊಡಗಿಸುವಂತಿಲ್ಲ. ಗಳಿಕೆಯ ಕನಿಷ್ಠ ಶೇಕಡ ೨೦ ಭಾಗವನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಯಲ್ಲಿಡಬೇಕು. ಗಂಟೆಗೂ ಹಣಕ್ಕೂ ಲೆಕ್ಕವಿಡಬಹುದು. ಎಳೆಯ ಮುಖದ ಮೇಲೆ ಹೊರಿಸಿದ ವಯಸ್ಸಿಗೆ ಲೆಕ್ಕವಿಡುವವರು ಯಾರು? ಅದು ತಂದೆತಾಯಿಗಳ ವಿವೇಕಕ್ಕೆ ಬಿಟ್ಟ ವಿಷಯ.

ಮರೆಮಾಚಿದ ದೇಹ

ಇದು ನಮ್ಮ ದೇಶದ ನಿರ್ಮಾಪಕರ ದೋಷವೆಂದು ಮಾತ್ರ ತಿಳಿಯಬಾರದು. ಅಮೆರಿಕದ ‘ಫ್ರೆಂಡ್ಸ್’ ೧೯೯೪ರ ಸೆಪ್ಟೆಂಬರ್‌ನಿಂದ ೨೦೦೪ರ ಮೇ ತಿಂಗಳವರೆಗೆ ಹತ್ತು ಋತುಗಳಲ್ಲಿ ೨೩೬ ಕಂತು ನಡೆದ ಹಾಸ್ಯ ಧಾರಾವಾಹಿ. ನಮ್ಮ ನಗರಗಳ ತರುಣರೂ ಅದನ್ನು ಕಂಠಪಾಠವೆಂಬಷ್ಟು ಬಲ್ಲರು. ಅದರಲ್ಲಿ ಚಾಂಡ್ಲರ್ ಎಂಬ ಮಾತಿನಮಲ್ಲನ ಪಾತ್ರ ವಹಿಸಿದ ಮ್ಯಾಥ್ಯೂ ಪೆರ್ರಿ ಅವರ ದೇಹ ಋತುವಿನಿಂದ ಋತುವಿಗೆ ಬದಲಾಗುತ್ತಿತ್ತು. ಒಮ್ಮೆ ಸ್ಥೂಲ, ಇನ್ನೊಮ್ಮೆ ಎಲುಬು ಕಾಣುವಷ್ಟು ಕೃಶ. ೨೦೨೨ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಅವರೇ ಇದರ ಕಾರಣವನ್ನು ಬಿಚ್ಚಿಟ್ಟರು. ದಪ್ಪಗಿದ್ದ ಋತುಗಳಲ್ಲಿ ಮದ್ಯಪಾನ, ತೆಳ್ಳಗಿದ್ದ ಋತುಗಳಲ್ಲಿ ಮಾತ್ರೆಗಳ ವ್ಯಸನ. ಅವರ ತೂಕ ೧೨೮ ಪೌಂಡಿನಿಂದ ೨೨೫ ಪೌಂಡಿನವರೆಗೆ, ಎಂದರೆ ಸುಮಾರು ೫೮ ಕಿಲೋದಿಂದ ೧೦೨ ಕಿಲೋವರೆಗೆ ಏರಿಳಿಯಿತು. ೨೦೦೧ರಲ್ಲಿ ಪ್ರಸಾರವಾದ ಚಾಂಡ್ಲರ್‌ನ ವಿವಾಹದ ಕಂತು ಚಿತ್ರಿತವಾದಾಗ ಅವರು ವ್ಯಸನಮುಕ್ತಿ ಚಿಕಿತ್ಸೆಯಲ್ಲಿದ್ದರು. ಮದುವೆಯ ದೃಶ್ಯ ಮುಗಿಸಿ ಚಿಕಿತ್ಸಾಕೇಂದ್ರಕ್ಕೇ ಮರಳಿದರು. ೨೦೨೩ರ ಅಕ್ಟೋಬರ್ ೨೮ರಂದು ಐವತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಈಗ ಆ ಕಂತುಗಳನ್ನು ಮತ್ತೆ ನೋಡಿದರೆ ಒಬ್ಬ ಮನುಷ್ಯನ ಹತ್ತು ವರ್ಷಗಳ ಸಂಕಟವು ಹಾಸ್ಯದ ಹಿಂದೆ ಸ್ಪಷ್ಟವಾಗಿ ಕಾಣುತ್ತದೆ. ಕಥೆಯಲ್ಲಿ ಚಾಂಡ್ಲರ್ ಆರೋಗ್ಯವಂತ. ಅವನ ತೂಕದ ಏರಿಳಿತಕ್ಕೆ ಕಥೆಯೊಳಗೆ ಕಾರಣವೇ ಇಲ್ಲ. ಕೋಟ್ಯಂತರ ಜನ ನೋಡಿದರು, ದಪ್ಪವಾದನೆಂದರು, ಸೊರಗಿದನೆಂದರು, ನಕ್ಕರು. ಕಂಡದ್ದು ಎಲ್ಲರ ಕಣ್ಣಿಗೂ ಕಂಡಿತ್ತು. ಅದು ವ್ಯಥೆಯೆಂದು ತಿಳಿದವರು ವಿರಳ.

ಅದೇ ಧಾರಾವಾಹಿಯಲ್ಲಿ ಲೀಸಾ ಕುಡ್ರೋ ಅವರು ನಿಜವಾಗಿ ಗರ್ಭಿಣಿಯಾದಾಗ ಕಥೆಯಲ್ಲಿಯೂ ಆ ಪಾತ್ರ ತನ್ನ ತಮ್ಮನಿಗಾಗಿ ಗರ್ಭ ಧರಿಸಿದಂತೆ ಬರೆದರು. ಕೊನೆಯ ಋತುವಿನಲ್ಲಿ ಕೋರ್ಟ್ನಿ ಕಾಕ್ಸ್ ಅವರು ಗರ್ಭಿಣಿಯಾದಾಗ, ಅವರ ಪಾತ್ರವಾದ ಮೋನಿಕಾಳಿಗೆ ಮಕ್ಕಳಾಗುವುದಿಲ್ಲವೆಂದು ಕಥೆ ಮೊದಲೇ ನಿಶ್ಚಯವಾಗಿದ್ದುದರಿಂದ, ಸಡಿಲವಾದ ಉಡುಪಿನಲ್ಲಿ ಅದನ್ನು ಮುಚ್ಚಿದರು. ಅದೇ ನಟಿಗೆ ಹಿಂದೊಮ್ಮೆ ಮೆತ್ತೆಯ ಕವಚ ತೊಡಿಸಿ, ಮೋನಿಕಾಳ ಸ್ಥೂಲವಾದ ಹದಿಹರೆಯವನ್ನು ತೋರಿಸಿ ಮತ್ತೆ ಮತ್ತೆ ನಗಿಸಿದ್ದರು. ನಿಜವಾಗಿ ತುಂಬಿದ ದೇಹವನ್ನು ಮರೆಮಾಡುವುದು, ಸುಳ್ಳಾಗಿ ಉಬ್ಬಿಸಿದ ದೇಹವನ್ನು ಎತ್ತಿ ತೋರಿಸಿ ನಗುವುದು! ಇವೆರಡನ್ನು ಜೊತೆಗಿಟ್ಟು ನೋಡಿದಾಗ ಆ ಹಾಸ್ಯದ ರುಚಿ ಕೆಡುತ್ತದೆ.

ಇದಕ್ಕಿಂತ ಅರ್ಧ ಶತಮಾನದ ಹಿಂದೆ ಇದೇ ಅಮೆರಿಕದಲ್ಲಿ ‘ಐ ಲವ್ ಲೂಸಿ’ ಧಾರಾವಾಹಿಯ ನಟಿ ಲೂಸಿಲ್ ಬಾಲ್ ಅವರು ಗರ್ಭಿಣಿಯಾದಾಗ ಅದನ್ನು ಕಥೆಗೇ ಸೇರಿಸಿಕೊಂಡಿದ್ದರು. ಗರ್ಭಿಣಿ ಎಂಬ ಪದವನ್ನು ಬಳಸಲು ಕೂಡ ಅಂದು ಸಂಕೋಚವಿತ್ತು. ಕಂತುಗಳ ಬರಹವನ್ನು ಧರ್ಮಗುರುಗಳಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆದರು. ೧೯೫೩ರ ಜನವರಿ ೧೯ರಂದು ಕಥೆಯಲ್ಲಿ ಲೂಸಿಗೆ ಮಗುವಾಯಿತು. ಅದೇ ದಿನ ನಟಿಗೂ ಗಂಡುಮಗುವಾಯಿತು. ಕಥೆ ದೇಹಕ್ಕೆ ತಲೆಬಾಗಿದರೆ ಕಥೆಗೆ ನಷ್ಟವಾಗುವುದಿಲ್ಲವೆಂಬುದಕ್ಕೆ ಇದು ಹಳೆಯ ನಿದರ್ಶನ.

ದೇಹದೊಡನೆ ನಡೆದ ಕಥೆ

ಈ ದಾರಿಯಲ್ಲಿ ಅತಿ ದೂರ ನಡೆದದ್ದು ಇಂಗ್ಲೆಂಡಿನ ‘ಕಾರೊನೇಷನ್ ಸ್ಟ್ರೀಟ್’. ಕಾರ್ಮಿಕರ ಬೀದಿಯೊಂದರ ಈ ಕಥೆ ೧೯೬೦ರ ಡಿಸೆಂಬರ್ ೯ರಂದು ಆರಂಭವಾಯಿತು. ಮೊದಲ ಕಂತಿನಲ್ಲಿ ಕೆನ್ ಬಾರ್ಲೋ ಎಂಬ ವಿದ್ಯಾರ್ಥಿಯಾಗಿ ಬಂದ ವಿಲಿಯಂ ರೋಚ್ ಅವರು ೨೦೨೦ರಲ್ಲಿ ಧಾರಾವಾಹಿಗೆ ಅರವತ್ತು ತುಂಬಿದಾಗಲೂ ಅದೇ ಪಾತ್ರದಲ್ಲಿದ್ದರು. ಆಗ ಅವರ ವಯಸ್ಸು ಎಂಬತ್ತೆಂಟು. ಆ ಬೀದಿಯ ಕಾಲ ನೋಡುಗರ ಕಾಲದೊಡನೆ ಹೆಜ್ಜೆ ಹಾಕುತ್ತದೆ. ಕೆನ್‌ನ ನರೆ ಯಾರೂ ಬಳಿದದ್ದಲ್ಲ.

ಕೆನ್‌ನ ಪತ್ನಿ ಡಿಯರ್‌ಡ್ರಿಯಾಗಿ ೧೯೭೨ರಿಂದ ನಟಿಸುತ್ತಿದ್ದ ಆ್ಯನ್ ಕರ್ಕ್‌ಬ್ರೈಡ್ ಅವರು ೨೦೧೫ರ ಜನವರಿಯಲ್ಲಿ ನಿಧನರಾದರು. ನಿರ್ಮಾಪಕರು ಬೇರೊಂದು ಮುಖವನ್ನು ತಂದು ಆ ಹೆಸರನ್ನು ಅದಕ್ಕೆ ಅಂಟಿಸಲಿಲ್ಲ. ಅದೇ ವರ್ಷ ಜುಲೈನಲ್ಲಿ ಕಥೆಯಲ್ಲಿಯೂ ಡಿಯರ್‌ಡ್ರಿ ತೀರಿಕೊಂಡಳು. ವೃದ್ಧ ಕೆನ್ ಪತ್ನಿಗಾಗಿ ದುಃಖಿಸಿದ ಆ ಕಂತುಗಳಲ್ಲಿ ನಟನಿಗೂ ಪಾತ್ರಕ್ಕೂ ಕಳೆದುಹೋದದ್ದು ಬಹುಮಟ್ಟಿಗೆ ಒಂದೇ ಆಗಿತ್ತು. ಇದರ ಪಕ್ಕದಲ್ಲಿ ‘ಕ್ಯೋಂಕಿ’ಯ ಮಿಹಿರ್‌ನನ್ನು ನೆನೆಯಬಹುದು. ಅವನು ಕಥೆಯಲ್ಲಿ ಸತ್ತಾಗ ನೋಡುಗರು ಹುಯಿಲೆಬ್ಬಿಸಿದ್ದರಿಂದ ಮರಳಿ ಬದುಕಿಬಂದನು. ಆಮೇಲೆ ಅಮರ್ ಉಪಾಧ್ಯಾಯರ ಸ್ಥಾನದಲ್ಲಿ ಇಂದರ್ ಕುಮಾರ್, ಅವರ ಸ್ಥಾನದಲ್ಲಿ ರೋನಿತ್ ರಾಯ್ ಎಂದು ಅವನ ಮುಖವೇ ಬದಲಾಯಿತು. ಸಾವಿಗೆ ಬೆಲೆಯಿಲ್ಲದ ಕಥೆಯಲ್ಲಿ ಮುಖಕ್ಕೂ ಬೆಲೆಯಿರುವುದಿಲ್ಲ.

‘ಕಾರೊನೇಷನ್ ಸ್ಟ್ರೀಟ್’ ದೋಷರಹಿತವೆಂದಾಗಲಿ, ಅಲ್ಲಿ ಪ್ರಸಾಧನವಿಲ್ಲವೆಂದಾಗಲಿ ಇದರ ಅರ್ಥವಲ್ಲ. ಕಲಾವಿದರಿಗೆ ತಮ್ಮ ಸ್ವಂತ ವಯಸ್ಸಿನಲ್ಲಿರುವ ಹಕ್ಕನ್ನು ಆ ಕಥೆ ಬಹುಮಟ್ಟಿಗೆ ಉಳಿಸಿಕೊಟ್ಟಿದೆ ಎಂಬುದೇ ಗಮನಾರ್ಹ. ಅದರಿಂದ ಕಲೆಗೆ ಲಾಭವೂ ಆಗಿದೆ. ಹಳೆಯ ಮುಖವೊಂದು ಬಾಗಿಲಲ್ಲಿ ಬಂದು ನಿಂತರೆ ಸಾಕು, ನಲವತ್ತು ವರ್ಷಗಳ ಕಥೆ ನೋಡುಗನ ಮನಸ್ಸಿನಲ್ಲಿ ತಾನೇ ತೆರೆದುಕೊಳ್ಳುತ್ತದೆ.

ನೋಡುವವರ ಪಾಲು

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಕಥೆಯ ಕಾಲಕ್ಕೂ ದೇಹದ ಕಾಲಕ್ಕೂ ಇರುವ ವ್ಯತ್ಯಾಸವನ್ನು ಬಹುತೇಕ ಕಡೆಗಳಲ್ಲಿ ಕಲಾವಿದರ ಖಾತೆಗೇ ಬರೆಯಲಾಗಿದೆ. ಅದರಲ್ಲಿಯೂ ಸ್ತ್ರೀಯರ ಮತ್ತು ಮಕ್ಕಳ ಖಾತೆಗೆ ಹೆಚ್ಚಾಗಿ. ನಿರ್ಮಾಪಕರು ಹೀಗೆ ಬರೆಯುವುದು ನಾವು ಅದನ್ನು ಒಪ್ಪಿ ರುಜು ಹಾಕುವುದರಿಂದ. ಜಿಗಿತ ಬೇಕೆನ್ನುವವರು ನಾವು. ಮಗು ಬೆಳೆಯಬಾರದೆನ್ನುವವರೂ ನಾವು. ಮೆಚ್ಚಿನ ನಟಿ ವರ್ಷಗಳ ಬಳಿಕ ಕಾಣಿಸಿಕೊಂಡಾಗ, ಅಯ್ಯೋ, ಎಷ್ಟು ದಪ್ಪವಾಗಿದ್ದಾಳೆ, ಎಷ್ಟು ಮುದುಕಿಯಾಗಿದ್ದಾಳೆ ಎಂದು ಊಟದ ನಡುವೆ ಹೇಳುವವರೂ ನಾವೇ. ಹಾಗೆ ಹೇಳುವಾಗ ನಮ್ಮ ಪಕ್ಕದಲ್ಲಿ ಕುಳಿತ ಮಕ್ಕಳು ದೇಹವನ್ನು ಹೇಗೆ ನೋಡಬೇಕೆಂಬುದನ್ನು ಕಲಿಯುತ್ತಿರುತ್ತಾರೆ. ತಮ್ಮ ಅಜ್ಜಿಯ ಸುಕ್ಕನ್ನೂ, ತರಗತಿಯ ಗೆಳತಿಯ ಮೈಕಟ್ಟನ್ನೂ, ಕೊನೆಗೆ ಕನ್ನಡಿಯಲ್ಲಿ ತಮ್ಮನ್ನೂ ಅದೇ ಅಳತೆಗೋಲಿನಿಂದ ಅಳೆಯತೊಡಗುತ್ತಾರೆ.

ಧಾರಾವಾಹಿಗಳನ್ನು ನೋಡಲೇಬಾರದೆಂದು ಹೇಳುವುದು ಸುಲಭ, ಪಾಲಿಸುವುದು ಕಷ್ಟ, ಪ್ರಯೋಜನವೂ ಅಲ್ಪ. ನೋಡುವಾಗ ಆ ಬಣ್ಣದ ಹಿಂದೆ ದಿನವಿಡೀ ದೀಪಗಳ ಕೆಳಗೆ ದುಡಿದ ಒಬ್ಬ ಮನುಷ್ಯರಿದ್ದಾರೆಂಬ ಅರಿವು ಇರಬೇಕು. ಅಪರಿಚಿತರ ದೇಹದ ಬಗ್ಗೆ ಹಗುರವಾದ ಮಾತು ನಮ್ಮ ಮನೆಯಲ್ಲಿ ನಿಲ್ಲಬೇಕು. ಸಂಘ-ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ ಎಂಟು-ಹತ್ತು ವರ್ಷದ ಹೆಣ್ಣುಮಕ್ಕಳಿಗೆ ತರುಣಿಯರ ಶೃಂಗಾರ ಮಾಡಿ, ಧಾರಾವಾಹಿ, ಚಿತ್ರಗಳ ಅನುಕರಣೆಯಲ್ಲಿ ಕುಣಿಸುವ ಪದ್ಧತಿ ಅನೇಕ ಕಡೆ ಬಂದಿದೆ. ಕಾರ್ಯಕ್ರಮ ಗೊತ್ತುಪಡಿಸುವ ವ್ಯವಸ್ಥಾಪಕರು ಇದನ್ನು ಮುಂದಿನ ವರ್ಷವೇ ಬದಲಿಸಬಹುದು. ಅದಕ್ಕೆ ಹಣವೂ ಬೇಡ, ಠರಾವೂ ಬೇಡ. ಮಗುವಿಗೆ ಅದರ ವಯಸ್ಸಿಗೆ ಒಪ್ಪುವ ಪಾತ್ರವನ್ನೂ ಉಡುಪನ್ನೂ ಕೊಟ್ಟರೆ ಸಾಕು.